ತಾಯಿಯನ್ನು ಉಳಿಸಿದ ವಿಜ್ಞಾನಿ

1577ನೆಯ ಇಸವಿಯ ಕೊನೆಯ ದಿನಗಳು. ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಗೆ ಸೇರಿದ ಲಿಯೊನ್‌ಬರ್ಗ್ ಎಂಬ ಸಣ್ಣ ಊರು. ಒಂದು ಸಂಜೆ ಒಬ್ಬ ತಾಯಿಯು ತನ್ನ ಆರು ವರ್ಷದ ಮಗನ ಕೈಹಿಡಿದು ಎತ್ತರವಾದ ಸ್ಥಳವೊಂದಕ್ಕೆ ಕರೆದೊಯ್ದಳು. ಆಕಾಶದಲ್ಲಿ ಉದ್ದವಾದ ಬಾಲವುಳ್ಳ ಧೂಮಕೇತುವೊಂದು ಪ್ರಜ್ವಲಿಸುತ್ತಿತ್ತು. ಯೂರೋಪಿನ ಜನರೆಲ್ಲ ಅದನ್ನು ಕಂಡು ನಡುಗುತ್ತಿದ್ದರು. ಧೂಮಕೇತು ಕಾಣಿಸಿಕೊಂಡರೆ ಅರಸನಿಗೆ ಮರಣ, ನಾಡಿಗೆ ಯುದ್ಧ, ಪ್ರಜೆಗಳಿಗೆ ಕ್ಷಾಮ ಮತ್ತು ಪಿಡುಗು ತಪ್ಪದೆಂದು ಅವರು ನಂಬಿದ್ದರು. ಆದರೆ ಆ ತಾಯಿ ಮಗನನ್ನು ಬಾಗಿಲ ಹಿಂದೆ ಬಚ್ಚಿಡಲಿಲ್ಲ. ಅದನ್ನು ಕಣ್ತುಂಬ ನೋಡಲೆಂದು ಅವನನ್ನು ಬಯಲಿಗೆ ಕರೆತಂದಳು. ಬಾಲಕನು ಆ ನೋಟವನ್ನು ಜೀವಮಾನವಿಡೀ ಮರೆಯಲಿಲ್ಲ.

ಆ ಬಾಲಕನೇ ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಜೊಹಾನೆಸ್ ಕೆಪ್ಲರ್. ತಾಯಿಯ ಹೆಸರು ಕ್ಯಾಥರಿನಾ. ಆಕಾಶವನ್ನು ನಿರ್ಭಯವಾಗಿ ನೋಡಲು ಮಗನಿಗೆ ಕಲಿಸಿದ ಆ ತಾಯಿಯೇ ಮುಂದೆ ಮುಪ್ಪಿನಲ್ಲಿ ಜನರ ಭಯಕ್ಕೆ ಬಲಿಯಾಗಿ ಸೆರೆಮನೆಯನ್ನು ಸೇರಬೇಕಾಯಿತು. ಆಕೆಯನ್ನು ಬಿಡಿಸಿ ತರಲು ಮಗನು ತನ್ನ ವಿದ್ಯೆಯನ್ನೆಲ್ಲ ಒರೆಗೆ ಹಚ್ಚಬೇಕಾಯಿತು. ವಿಜ್ಞಾನದ ಇತಿಹಾಸದಲ್ಲಿ ಅದೊಂದು ಮರೆಯಲಾಗದ ಅಧ್ಯಾಯ.

ಕೆಪ್ಲರನು 1571ನೆಯ ಇಸವಿಯ ಡಿಸೆಂಬರ್ 27ರಂದು ವೈಲ್ ಡೆರ್ ಷ್ಟಾಟ್ ಎಂಬ ಪಟ್ಟಣದಲ್ಲಿ ಜನಿಸಿದನು. ಅವನ ತಾತ ಆ ಪಟ್ಟಣದ ಪುರಪ್ರಮುಖನಾಗಿದ್ದನು. ಆದರೆ ಕೆಪ್ಲರನು ಹುಟ್ಟುವ ಹೊತ್ತಿಗೆ ಮನೆತನದ ಸಿರಿ ಇಳಿಮುಖವಾಗಿತ್ತು. ತಂದೆ ಹೈನ್ರಿಚ್ ಕೂಲಿ ಸೈನಿಕನಾಗಿ ಪರರಾಜ್ಯಗಳ ಯುದ್ಧಗಳಿಗೆ ಹೋಗುತ್ತಿದ್ದನು. ಒಮ್ಮೆ ಹಾಗೆ ಹೋದವನು ಮರಳಿ ಬರಲೇ ಇಲ್ಲ. ಸಂಸಾರದ ಭಾರವೆಲ್ಲ ಕ್ಯಾಥರಿನಾಳ ಮೇಲೆ ಬಿದ್ದಿತು. ಆಕೆ ಓದು ಬರಹ ಬಾರದ ಹೆಂಗಸು. ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ಗಟ್ಟಿ. ಗಿಡಮೂಲಿಕೆಗಳನ್ನು ಸಂಗ್ರಹಿಸಿ ಕಷಾಯ ಮಾಡುವುದು ಆಕೆಗೆ ತಿಳಿದಿತ್ತು. ನೆರೆಹೊರೆಯವರು ಕಾಯಿಲೆ ಬಿದ್ದಾಗ ಅವುಗಳನ್ನು ಅವರಿಗೆ ಕೊಡುತ್ತಿದ್ದಳು.

ಜೊಹಾನೆಸನು ಬಾಲ್ಯದಲ್ಲಿಯೇ ಸಿಡುಬಿಗೆ ತುತ್ತಾದನು. ಪ್ರಾಣ ಉಳಿಯಿತು, ಆದರೆ ದೃಷ್ಟಿ ಮಂದವಾಯಿತು, ಕೈಬೆರಳುಗಳು ಬಲಗುಂದಿದವು. ದೇಹ ದುರ್ಬಲವಾದರೂ ಬುದ್ಧಿ ಚುರುಕಾಗಿತ್ತು. ಆ ಸೀಮೆಯ ಅರಸನು ಬಡ ವಿದ್ಯಾರ್ಥಿಗಳಿಗೆ ನೀಡುತ್ತಿದ್ದ ವಿದ್ಯಾರ್ಥಿವೇತನದ ನೆರವಿನಿಂದ ಅವನು ಓದಿ, 1589ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸೇರಿದನು. ಧರ್ಮಬೋಧಕನಾಗಬೇಕೆಂಬುದು ಅವನ ಬಯಕೆಯಾಗಿತ್ತು. ಅಲ್ಲಿ ಮೆಸ್ಟ್ಲಿನ್ ಎಂಬ ಗುರುವು ಅವನಿಗೆ ಕೊಪರ್ನಿಕಸನ ಸಿದ್ಧಾಂತವನ್ನು ಪರಿಚಯಿಸಿದನು. ಭೂಮಿಯು ವಿಶ್ವದ ಕೇಂದ್ರವಲ್ಲ, ಅದು ಇತರ ಗ್ರಹಗಳಂತೆ ಸೂರ್ಯನನ್ನು ಸುತ್ತುತ್ತದೆ ಎಂಬ ಆ ವಿಚಾರವು ಅವನ ಮನಸ್ಸನ್ನು ಸಂಪೂರ್ಣವಾಗಿ ಸೆಳೆದುಕೊಂಡಿತು. 1594ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಗಣಿತದ ಉಪಾಧ್ಯಾಯನ ಕೆಲಸ ದೊರೆಯಿತು. ಧರ್ಮಬೋಧಕನಾಗಬೇಕಾಗಿದ್ದವನು ಹೀಗೆ ಗಣಿತಜ್ಞನಾದನು.

ಆ ಕೆಲಸದೊಡನೆ ಮತ್ತೊಂದು ಹೊಣೆಯೂ ಅಂಟಿಕೊಂಡಿತ್ತು. ವರ್ಷ ವರ್ಷವೂ ಪಂಚಾಂಗವನ್ನು ಸಿದ್ಧಪಡಿಸಿ, ಮುಂದೆ ಬರಲಿರುವ ಹವೆ, ಬೆಳೆ, ಯುದ್ಧಗಳ ಭವಿಷ್ಯವನ್ನು ಅದರಲ್ಲಿ ತಿಳಿಸಬೇಕಾಗಿತ್ತು. ಮೊದಲ ಪಂಚಾಂಗದಲ್ಲಿ ಅವನು ಕಠಿಣವಾದ ಚಳಿಯನ್ನೂ ತುರ್ಕರ ದಾಳಿಯನ್ನೂ ಮುಂಗಂಡು ಹೇಳಿದನು. ಎರಡೂ ನಡೆದುಹೋದವು. ಜನರು ಅವನನ್ನು ಕೊಂಡಾಡಿದರು. ಆದರೆ ಆ ಹೊಗಳಿಕೆಯಿಂದ ಅವನು ಹಿಗ್ಗಲಿಲ್ಲ. ನಕ್ಷತ್ರಗಳನ್ನು ನೋಡಿ ಒಬ್ಬೊಬ್ಬ ಮನುಷ್ಯನ ಹಣೆಬರಹವನ್ನು ಬಿಡಿಬಿಡಿಯಾಗಿ ಹೇಳಬಲ್ಲೆವೆನ್ನುವವರ ಮಾತನ್ನು ಅವನು ನಂಬುತ್ತಿರಲಿಲ್ಲ. ಆದರೂ ಆಕಾಶದ ಪ್ರಭಾವ ಭೂಮಿಯ ಮೇಲೆ ಯಾವುದೋ ಬಗೆಯಲ್ಲಿ ಇದ್ದೇ ಇದೆಯೆಂಬ ನಂಬಿಕೆಯನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಮಹಾಪುರುಷರೂ ತಮ್ಮ ಕಾಲದ ಮಕ್ಕಳೇ. ಹಳೆಯ ನಂಬಿಕೆಯ ಒಂದು ಎಳೆ ಕೆಪ್ಲರನ ಮನಸ್ಸಿನಲ್ಲಿಯೂ ಉಳಿದಿತ್ತು.

1600ರಲ್ಲಿ ಮತೀಯ ಕಲಹದ ಕಾರಣದಿಂದ ಅವನು ಗ್ರಾಟ್ಸ್ ನಗರವನ್ನು ಬಿಡಬೇಕಾಯಿತು. ಅಲ್ಲಿಂದ ಪ್ರಾಗ್ ನಗರಕ್ಕೆ ಬಂದು, ಸಮ್ರಾಟ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿದ್ದ ಟೈಕೊ ಬ್ರಾಹೆಯ ಸಹಾಯಕನಾದನು. ದೂರದರ್ಶಕವಿನ್ನೂ ಬಾರದ ಆ ಕಾಲದಲ್ಲಿ ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನಗಳನ್ನು ಅತ್ಯಂತ ನಿಖರವಾಗಿ ಅಳೆದವನು ಟೈಕೊ. 1577ರ ಧೂಮಕೇತುವನ್ನು ಅವನೂ ಕಂಡಿದ್ದನು. ಅದರ ದೂರವನ್ನು ಲೆಕ್ಕಹಾಕಿ, ಅದು ಭೂಮಿಯ ವಾಯುಮಂಡಲದ ಉರಿಯಲ್ಲ, ಚಂದ್ರನಿಗಿಂತಲೂ ಆಚೆ ಇರುವ ಕಾಯ ಎಂದು ಅವನು ತೋರಿಸಿದ್ದನು. ಬಾಲಕ ಕೆಪ್ಲರನು ತಾಯಿಯ ಕೈಹಿಡಿದು ನೋಡಿದ ಅದೇ ಧೂಮಕೇತುವನ್ನು ಟೈಕೊ ಅಳತೆಯ ಸಾಧನಗಳಿಂದ ನೋಡಿದ್ದನು!

1601ರಲ್ಲಿ ಟೈಕೊ ತೀರಿಕೊಂಡನು. ಸಮ್ರಾಟನ ಗಣಿತಜ್ಞನೆಂಬ ಪದವಿ ಕೆಪ್ಲರನಿಗೆ ಬಂದಿತು. ಟೈಕೊ ಬರೆದಿಟ್ಟ ಅಂಕಿಗಳ ರಾಶಿಯೂ ಅವನ ಕೈಸೇರಿತು. ಮಂಗಳ ಗ್ರಹದ ಪಥವನ್ನು ನಿರ್ಣಯಿಸಲು ಅವನು ವರ್ಷಗಟ್ಟಲೆ ಶ್ರಮಿಸಿದನು. ಗ್ರಹಗಳು ವೃತ್ತಾಕಾರದಲ್ಲಿಯೇ ಚಲಿಸುತ್ತವೆಂಬುದು 2000 ವರ್ಷಗಳಿಂದ ಬಂದ ನಂಬಿಕೆ. ಆ ನಂಬಿಕೆಯಂತೆ ಮಾಡಿದ ಲೆಕ್ಕಕ್ಕೂ ಟೈಕೊನ ಅಳತೆಗೂ 8 ಕಲೆಗಳಷ್ಟು ವ್ಯತ್ಯಾಸ ಬಂದಿತು. ಆಕಾಶದಲ್ಲಿ ನಮಗೆ ಕಾಣುವ ಪೂರ್ಣಚಂದ್ರನ ಅಗಲದ ಕಾಲುಭಾಗದಷ್ಟು ಅಂತರವದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲಕ್ಷಿಸಿಬಿಡುತ್ತಿದ್ದರು. ಆದರೆ ಕೆಪ್ಲರನು ಅಳತೆಯನ್ನು ನಂಬಿದನು, ಹಳೆಯ ಕಲ್ಪನೆಯನ್ನು ಕೈಬಿಟ್ಟನು. ಗ್ರಹದ ಪಥವು ವೃತ್ತವಲ್ಲ, ದೀರ್ಘವೃತ್ತ ಎಂಬ ಸತ್ಯ ಅವನಿಗೆ ಹೊಳೆಯಿತು. 1609ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಗ್ರಹಚಲನೆಯ ಮೊದಲ ಎರಡು ನಿಯಮಗಳು ಬೆಳಕು ಕಂಡವು. ಎಷ್ಟು ಹಳೆಯದಾದರೂ, ಎಷ್ಟು ಮಂದಿ ನಂಬಿದರೂ, ಸಂಗತಿಗಳೊಡನೆ ಹೊಂದಿಕೊಳ್ಳದ ಮಾತನ್ನು ಒಪ್ಪಬಾರದೆಂಬ ಈ ಶಿಸ್ತೇ ಮುಂದೆ ಅವನ ತಾಯಿಯ ಪ್ರಾಣವನ್ನು ಕಾಯಿತು.

ಆ ಕಾಲದ ಯೂರೋಪಿನಲ್ಲಿ ಮಾಟಗಾತಿಯರ ಭಯ ಕಾಳ್ಗಿಚ್ಚಿನಂತೆ ಹಬ್ಬಿತ್ತು. ಕೆಲವು ಹೆಂಗಸರು ಸೈತಾನನೊಡನೆ ಒಪ್ಪಂದ ಮಾಡಿಕೊಂಡು ಅಲೌಕಿಕ ಶಕ್ತಿಯನ್ನು ಪಡೆಯುತ್ತಾರೆ, ಇರುಳಿನಲ್ಲಿ ಆಕಾಶಮಾರ್ಗವಾಗಿ ಹಾರಿ ಹೋಗಿ ಸೈತಾನನ ಸಭೆಯಲ್ಲಿ ಸೇರುತ್ತಾರೆ, ಆಲಿಕಲ್ಲು ಸುರಿಸಿ ಪೈರನ್ನು ಹಾಳುಮಾಡುತ್ತಾರೆ, ದನಗಳ ಹಾಲನ್ನು ಬತ್ತಿಸುತ್ತಾರೆ ಎಂದು ಪಾಮರರಷ್ಟೇ ಅಲ್ಲ, ಪಂಡಿತರೂ ನಂಬಿದ್ದರು. ಹವಾಮಾನ ಕೆಟ್ಟು, ಚಳಿ ಹೆಚ್ಚಿ, ಬೆಳೆಗಳು ಪದೇ ಪದೇ ನಾಶವಾಗುತ್ತಿದ್ದ ಕಾಲವದು. ಕಷ್ಟಕ್ಕೆ ಕಾರಣ ತಿಳಿಯದಿದ್ದಾಗ ಜನರು ಕಾರಣಕ್ಕೆ ಬದಲಾಗಿ ಅಪರಾಧಿಯನ್ನು ಹುಡುಕುತ್ತಾರೆ. ಒಂಟಿಯಾದ, ಬಡವಳಾದ, ನಾಲಗೆ ಹರಿತವಾದ ಮುದುಕಿಯರು ಸುಲಭವಾಗಿ ಅಪರಾಧಿಗಳಾದರು.

ನ್ಯಾಯದ ಕ್ರಮವೂ ಈ ಭಯಕ್ಕೆ ನೀರೆರೆಯುವಂತಿತ್ತು. ಆರೋಪಿಯು ತಪ್ಪೊಪ್ಪಿಕೊಳ್ಳದೆ ಮರಣದಂಡನೆ ವಿಧಿಸುವುದು ಕಷ್ಟವಾಗಿತ್ತು. ಆದರೆ ಸಂಶಯಕ್ಕೆ ಸಾಕಷ್ಟು ಆಧಾರವಿದೆಯೆಂದು ತೋರಿದರೆ, ಒಪ್ಪಿಗೆಯನ್ನು ಪಡೆಯಲು ಚಿತ್ರಹಿಂಸೆ ಮಾಡಲು ಕಾನೂನೇ ಅವಕಾಶ ನೀಡಿತ್ತು. ನೋವು ತಾಳಲಾರದೆ ಹೆಂಗಸರು ಮಾಡದ ತಪ್ಪನ್ನು ಮಾಡಿದೆವೆಂದು ಒಪ್ಪಿಕೊಳ್ಳುತ್ತಿದ್ದರು. ಜೊತೆಯವರ ಹೆಸರು ಹೇಳೆಂದು ಮತ್ತೆ ಹಿಂಸಿಸಿದಾಗ ಬಾಯಿಗೆ ಬಂದ ಹೆಸರುಗಳನ್ನು ಹೇಳುತ್ತಿದ್ದರು. ಹೀಗೆ ಒಂದು ಆರೋಪದಿಂದ ಹತ್ತು ಆರೋಪಗಳು ಹುಟ್ಟುತ್ತಿದ್ದವು. ಯೂರೋಪಿನಲ್ಲಿ ಮೂರು ಶತಮಾನಗಳ ಅವಧಿಯಲ್ಲಿ ಈ ಬಗೆಯ ವಿಚಾರಣೆಗಳಿಂದ 40,000ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹೆಂಗಸರು. ಜರ್ಮನ್ ಸೀಮೆಗಳಲ್ಲಿ ಈ ಹಾವಳಿ ವಿಪರೀತವಾಗಿತ್ತು.

ಲಿಯೊನ್‌ಬರ್ಗ್ ಊರಿನಲ್ಲಿ ಉರ್ಸುಲಾ ರೈನ್‌ಬೋಲ್ಡ್ ಎಂಬ ಹೆಂಗಸಿದ್ದಳು. ಆಕೆ ಗಾಜಿನ ಕೆಲಸದವನೊಬ್ಬನ ಹೆಂಡತಿ. ಹಿಂದೊಮ್ಮೆ ಆಕೆಗೂ ಕ್ಯಾಥರಿನಾಳಿಗೂ ಸ್ನೇಹವಿತ್ತು. ಬಳಿಕ ಅದು ಮುರಿದುಬಿದ್ದಿತು. ಬಹುಕಾಲದಿಂದ ಕಾಯಿಲೆಯಿಂದ ನರಳುತ್ತಿದ್ದ ಉರ್ಸುಲಾ, ಕ್ಯಾಥರಿನಾ ಎಂದೋ ಕುಡಿಯಲು ಕೊಟ್ಟ ಪಾನೀಯದಿಂದಲೇ ತನಗೆ ಆ ಗತಿಯಾಯಿತೆಂದು ಹೇಳತೊಡಗಿದಳು. 1615ರಲ್ಲಿ ಒಂದು ದಿನ ಊರಿನ ಅಧಿಕಾರಿ ಐನ್‌ಹಾರ್ನನ ಎದುರಿಗೇ ಉರ್ಸುಲಾಳ ತಮ್ಮನು ಕ್ಯಾಥರಿನಾಳಿಗೆ ಕತ್ತಿ ತೋರಿಸಿ, ಮಾಟವನ್ನು ತೆಗೆದು ಅಕ್ಕನನ್ನು ಗುಣಪಡಿಸಬೇಕೆಂದು ಬೆದರಿಸಿದನು. ಮುದುಕಿ ಹೆದರಲಿಲ್ಲ. ತಾನು ಮಾಟ ಮಾಡಿಲ್ಲ, ಆದ್ದರಿಂದ ತೆಗೆಯಲೂ ತನಗೆ ತಿಳಿಯದೆಂದು ಖಂಡಿತವಾಗಿ ನಿರಾಕರಿಸಿದಳು. ಮಾಟವನ್ನು ತೆಗೆಯಲು ಒಪ್ಪಿದ್ದರೆ ಮಾಟವನ್ನು ಮಾಡಿದವಳೂ ತಾನೇ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಬಳಿಕ ಆಕೆಯ ಮಕ್ಕಳು ಉರ್ಸುಲಾಳ ಮೇಲೆ ಮಾನನಷ್ಟದ ದಾವೆ ಹೂಡಿದರು.

ಆ ವೇಳೆಗೆ ಕೆಪ್ಲರನು ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ನೆಲಸಿದ್ದನು. ತಂಗಿ ಮಾರ್ಗರೆಟಾ ಬರೆದ ಪತ್ರದಿಂದ ಅವನಿಗೆ ಈ ಸಂಗತಿ ತಿಳಿಯಿತು. ಅವನು ಒಡನೆಯೇ ಲಿಯೊನ್‌ಬರ್ಗ್ ಪುರಸಭೆಗೆ ತೀಕ್ಷ್ಣವಾದ ಪತ್ರವನ್ನು ಬರೆದನು. ಅವನ ಚಿಂತೆಗೆ ಕಾರಣವಿತ್ತು. ಐನ್‌ಹಾರ್ನನ ಅಧಿಕಾರಾವಧಿಯಲ್ಲಿ 15 ಮಂದಿ ಹೆಂಗಸರು ಮಾಟದ ಆರೋಪಕ್ಕೆ ಗುರಿಯಾದರು. ಅವರಲ್ಲಿ 8 ಮಂದಿಗೆ ಮರಣದಂಡನೆಯಾಯಿತು.

ಮಾನನಷ್ಟದ ದಾವೆಯ ವಿಚಾರಣೆ 1616ರ ಅಕ್ಟೋಬರಿನಲ್ಲಿ ನಡೆಯಬೇಕಾಗಿತ್ತು. ಅಷ್ಟರಲ್ಲಿ ಮತ್ತೊಂದು ಘಟನೆ ನಡೆಯಿತು. ಇಟ್ಟಿಗೆ ಹೊತ್ತು ಸಾಗುತ್ತಿದ್ದ ಹುಡುಗಿಯರನ್ನು ಕ್ಯಾಥರಿನಾ ದಾರಿಯಲ್ಲಿ ದಾಟಿ ಹೋದಳು. ಅವರಲ್ಲೊಬ್ಬಳು ತೋಳಿನಲ್ಲಿ ನೋವು ಕಾಣಿಸಿಕೊಂಡು ಕೈ ಮರಗಟ್ಟಿತೆಂದು ದೂರಿದಳು. ಇದೇ ಸಾಕ್ಷ್ಯವೆಂದು ಅಧಿಕಾರಿ ಹಳೆಯ ದಾವೆಯನ್ನು ತಡೆದನು. ಗಾಬರಿಗೊಂಡ ಮುದುಕಿ ದಾವೆಯನ್ನು ಮುಂದುವರಿಸಬೇಕೆಂದು ಬೇಡಿ, ಅವನಿಗೆ ಬೆಳ್ಳಿಯ ಬಟ್ಟಲೊಂದನ್ನು ಕೊಡಲು ಹೋದಳು. ಅದೂ ಆಕೆಯ ವಿರುದ್ಧ ಸಾಕ್ಷ್ಯವಾಯಿತು. ಮಕ್ಕಳು ಆಕೆಯನ್ನು ಲಿಂಟ್ಸಿಗೆ ಕಳುಹಿಸಿದರು. ಮಗನ ಮನೆಯಲ್ಲಿ ಕೆಲವು ತಿಂಗಳು ಸುರಕ್ಷಿತವಾಗಿದ್ದ ಆಕೆಗೆ ಪರವೂರಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮರಳಿ ತನ್ನ ನಾಡಿಗೆ ಹೋದಳು. 1617ರ ಶರತ್ಕಾಲದಲ್ಲಿ ಕೆಪ್ಲರನು ತಾನೇ ವ್ಯುರ್ಟೆಂಬರ್ಗಿಗೆ ಪ್ರಯಾಣ ಮಾಡಿದನು. ದಾವೆಯನ್ನು ಬೇಗ ಮುಗಿಸಲು ಅವನು ಪಟ್ಟ ಪ್ರಯತ್ನ ಫಲಿಸಲಿಲ್ಲ.

ಮನೆಯಲ್ಲಿಯೂ ದುಃಖ ಬೆನ್ನು ಬಿಡಲಿಲ್ಲ. 1618ರ ಆರಂಭದಲ್ಲಿ ಅವನ ಪುಟ್ಟ ಮಗಳು ತೀರಿಕೊಂಡಳು. ಆ ಶೋಕದ ನಡುವೆ ಅವನು ವಿಶ್ವದ ಸಾಮರಸ್ಯವನ್ನು ಕುರಿತ ತನ್ನ ಗ್ರಂಥವನ್ನು ಕೈಗೆತ್ತಿಕೊಂಡನು. ಅದೇ ವರ್ಷ ಮೇ 15ರಂದು ಗ್ರಹಚಲನೆಯ ಮೂರನೆಯ ನಿಯಮ ಅವನಿಗೆ ದೃಢವಾಯಿತು. ಗ್ರಹವು ಸೂರ್ಯನನ್ನು ಸುತ್ತುವ ಅವಧಿಯ ವರ್ಗವು, ಸೂರ್ಯನಿಂದ ಅದಕ್ಕಿರುವ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬುದೇ ಆ ನಿಯಮ. ಗುರುಗ್ರಹವು ಸೂರ್ಯನಿಂದ ಭೂಮಿಗಿಂತ 5.2 ಪಟ್ಟು ದೂರದಲ್ಲಿದೆ. 5.2ರ ಘನ ಸುಮಾರು 140. ಗುರುಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು 11.86 ವರ್ಷ ಹಿಡಿಯುತ್ತದೆ. ಅದರ ವರ್ಗವೂ ಸುಮಾರು 140! ಆಕಾಶದಲ್ಲಿ ಇಂತಹ ಸುಂದರವಾದ ನಿಯಮವಿರುವಾಗ, ಭೂಮಿಯ ಮೇಲೆ ಮನುಷ್ಯರು ಕಾರಣವಿಲ್ಲದೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಅದೇ ವರ್ಷ ಮೂವತ್ತು ವರ್ಷಗಳ ಯುದ್ಧವೂ ಪ್ರಾರಂಭವಾಯಿತು.

1620ರ ಆಗಸ್ಟ್ 7ರಂದು, ಬೆಳಕು ಹರಿಯುವ ಮುನ್ನ, ಮಗಳು ಮಾರ್ಗರೆಟಾಳ ಮನೆಯಲ್ಲಿದ್ದ ಕ್ಯಾಥರಿನಾಳನ್ನು ಅಧಿಕಾರಿಗಳು ಬಂಧಿಸಿದರು. ಆ ಮನೆ ಒಬ್ಬ ಪಾದ್ರಿಯದು. ಮಾರ್ಗರೆಟಾಳ ಪತಿಯೇ ಆ ಪಾದ್ರಿ. ನೆರೆಯವರ ಕಣ್ಣಿಗೆ ಬೀಳದಂತೆ ಮುದುಕಿಯನ್ನು ದೊಡ್ಡ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಹೊತ್ತೊಯ್ದರು. ಆಗ ಆಕೆಯ ವಯಸ್ಸು 70 ದಾಟಿತ್ತು. ಲಿಯೊನ್‌ಬರ್ಗ್ ಊರಿನಲ್ಲಿ ತವರದ ಪಾತ್ರೆಗಳ ಕೆಲಸ ಮಾಡಿಕೊಂಡಿದ್ದ ಕಿರಿಯ ಮಗ ಕ್ರಿಸ್ಟಾಫನು ಅವಮಾನಕ್ಕೆ ಅಂಜಿ, ವಿಚಾರಣೆಯನ್ನು ಬೇರೆ ಊರಿಗೆ ವರ್ಗಾಯಿಸಬೇಕೆಂದು ಬೇಡಿಕೊಂಡನು. ಆಕೆಯನ್ನು ಗ್ಯೂಗ್ಲಿಂಗನ್ ಎಂಬ ಊರಿನ ಸೆರೆಗೆ ಸಾಗಿಸಿದರು. ಕಾಲಿಗೆ ಸಂಕೋಲೆ, ಹಗಲಿರುಳು ಇಬ್ಬರು ಕಾವಲುಗಾರರು, ಅವರ ಖರ್ಚೂ ಆಕೆಯ ಆಸ್ತಿಯಿಂದಲೇ ಸಲ್ಲಬೇಕು. ಆಕೆಯ ಮೇಲೆ 49 ಅಂಶಗಳ ಆರೋಪಪಟ್ಟಿ ಸಿದ್ಧವಾಯಿತು.

ತಾಯಿಯ ನೆರವಿಗೆ ನಿಲ್ಲುವುದು ಮಗನಿಗೂ ಅಪಾಯದ ಮಾತಾಗಿತ್ತು. ಮಾಟಗಾತಿಯ ಮಗನೆಂಬ ಹೆಸರು ಬಂದರೆ ಸಮ್ರಾಟನ ಗಣಿತಜ್ಞನೆಂಬ ಸ್ಥಾನ ಉಳಿಯುವುದು ದುಸ್ತರ. ಅವನ ಸ್ವಂತ ಮತದವರೇ ಲಿಂಟ್ಸಿನಲ್ಲಿ ಅವನ ಸ್ವತಂತ್ರ ವಿಚಾರಗಳಿಗಾಗಿ ಅವನನ್ನು ಪ್ರಭುಭೋಜನದ ಸಂಸ್ಕಾರದಿಂದ ಹೊರಗಿಟ್ಟಿದ್ದರು. ಯುದ್ಧದ ಸೈನ್ಯಗಳು ದಾರಿಗಳಲ್ಲೆಲ್ಲ ಸಂಚರಿಸುತ್ತಿದ್ದವು. ಮನೆಯಲ್ಲಿ ಪತ್ನಿ ಗರ್ಭಿಣಿ. ಆದರೂ ಅವನು ಹಿಂಜರಿಯಲಿಲ್ಲ. ಕುಟುಂಬವನ್ನು ರೇಗನ್ಸ್‌ಬರ್ಗ್ ನಗರದಲ್ಲಿ ಬಿಟ್ಟು, 1620ರ ಸೆಪ್ಟೆಂಬರಿನಲ್ಲಿ ತಾಯಿಯ ಬಳಿಗೆ ಬಂದನು. ಮುಂದಿನ ಒಂದು ವರ್ಷಕಾಲ ತನ್ನ ಗ್ರಂಥರಚನೆಯನ್ನು ಬದಿಗಿರಿಸಿ, ತಾಯಿಯ ಮೊಕದ್ದಮೆಯಲ್ಲಿಯೇ ಮುಳುಗಿದನು. ಬಂದಿಯು ದುರದೃಷ್ಟವಶಾತ್ ಮಗನ ನೆರವಿನೊಡನೆ ಹಾಜರಾಗಿದ್ದಾಳೆಂದು ನ್ಯಾಯಾಲಯದ ಲಿಪಿಕಾರನು ದಾಖಲೆಯಲ್ಲಿ ವಿಷಾದದಿಂದ ಗುರುತು ಹಾಕಿಕೊಂಡನು. ಇಂತಹ ಮೊಕದ್ದಮೆಗಳಲ್ಲಿ ಆರೋಪಿಯ ಪರವಾಗಿ ನಿಲ್ಲುವವರು ಅಷ್ಟು ಅಪರೂಪವಾಗಿದ್ದರು.

ಕೆಪ್ಲರನು ಮೊಕದ್ದಮೆಯನ್ನು ಗ್ರಹದ ಪಥವನ್ನು ಪರೀಕ್ಷಿಸಿದಂತೆಯೇ ಪರೀಕ್ಷಿಸಿದನು. ಪ್ರತಿಯೊಂದು ಸಾಕ್ಷ್ಯವನ್ನೂ ಬಿಡಿಸಿ ನೋಡಿದನು. ಯಾರು ಹೇಳಿದರು, ಯಾವಾಗ ಹೇಳಿದರು, ಕಣ್ಣಾರೆ ಕಂಡು ಹೇಳಿದರೇ, ಬೇರೆಯವರಿಂದ ಕೇಳಿ ಹೇಳಿದರೇ ಎಂದು ವಿಂಗಡಿಸಿದನು. ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸಿದನು. ಆಗ ಮುಖ್ಯವಾದ ಒಂದು ಸಂಗತಿ ಹೊರಬಿದ್ದಿತು. ಊರಿನಲ್ಲಿ ದಶಕಗಳ ಕಾಲ ಬಾಳಿದ ಕ್ಯಾಥರಿನಾಳ ವಿಷಯದಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಉರ್ಸುಲಾಳ ಆರೋಪದ ಸುದ್ದಿ ಹಬ್ಬಿದ ಬಳಿಕವೇ ಜನರಿಗೆ ಹಳೆಯ ನೋವುಗಳೆಲ್ಲ ನೆನಪಾಗತೊಡಗಿದ್ದವು. ಗಾಳಿಮಾತು ಸಾಕ್ಷ್ಯದಿಂದ ಹುಟ್ಟಿರಲಿಲ್ಲ. ಸಾಕ್ಷ್ಯವೇ ಗಾಳಿಮಾತಿನಿಂದ ಹುಟ್ಟಿತ್ತು.

ಬಳಿಕ ಒಂದೊಂದು ಆರೋಪಕ್ಕೂ ಸಹಜವಾದ ಕಾರಣವನ್ನು ಅವನು ತೋರಿಸಿದನು. ಉರ್ಸುಲಾಳ ಕಾಯಿಲೆ ಬಹಳ ಹಳೆಯದು; ಆಕೆ ಸೇವಿಸಿದ ತೀಕ್ಷ್ಣವಾದ ಔಷಧಗಳೂ ಅದಕ್ಕೆ ಕಾರಣವಾಗಿದ್ದವು. ಹುಡುಗಿಯ ಕೈ ಮರಗಟ್ಟಿದ್ದು ಶಕ್ತಿಮೀರಿ ಇಟ್ಟಿಗೆ ಹೊತ್ತಿದ್ದರಿಂದ. ಕ್ಯಾಥರಿನಾ ಕೊಟ್ಟ ದ್ರಾಕ್ಷಾರಸದಿಂದ ಕುಂಟನಾದೆನೆಂದು ಹೇಳಿದ ಶಾಲಾ ಉಪಾಧ್ಯಾಯನು ಹಿಂದೊಮ್ಮೆ ಹಳ್ಳವನ್ನು ಜಿಗಿಯಲು ಹೋಗಿ ಪೆಟ್ಟು ಮಾಡಿಕೊಂಡಿದ್ದನು. ವಿಚಾರಣೆಯ ವೇಳೆ ಮುದುಕಿಯ ಕಣ್ಣಿನಲ್ಲಿ ನೀರು ಬರಲಿಲ್ಲವೆಂಬುದೂ ಒಂದು ಆರೋಪವಾಗಿತ್ತು, ಏಕೆಂದರೆ ಮಾಟಗಾತಿಯರು ಅಳಲಾರರೆಂಬ ನಂಬಿಕೆಯಿತ್ತು. ಬದುಕಿನಲ್ಲಿ ಅತ್ತು ಅತ್ತು ತನ್ನ ಕಣ್ಣೀರೆಲ್ಲ ಬತ್ತಿಹೋಗಿದೆಯೆಂದು ಆ ತಾಯಿ ಅದಕ್ಕೆ ಉತ್ತರವಿತ್ತಳು.

ಮಾಟಗಾತಿಯರೇ ಇಲ್ಲವೆಂದು ಕೆಪ್ಲರನು ವಾದಿಸಲಿಲ್ಲ. ಆ ಕಾಲದ ನ್ಯಾಯಾಲಯದಲ್ಲಿ ಹಾಗೆ ವಾದಿಸಿದ್ದರೆ ಅದು ತಾಯಿಗೆ ನೆರವಾಗುತ್ತಿರಲಿಲ್ಲ. ಅಂತಹ ಮಾತನ್ನು ಅವನು ಎಲ್ಲಿಯೂ ಪ್ರತಿಪಾದಿಸಿದವನೂ ಅಲ್ಲ. ಅವನ ಪ್ರಶ್ನೆ ಸರಳವಾಗಿತ್ತು: ಈ ಹೆಂಗಸು ಈ ಕೃತ್ಯವನ್ನು ಮಾಡಿದಳೆನ್ನಲು ಆಧಾರವೇನು? ಆ ಒಂದು ಪ್ರಶ್ನೆಯ ಮುಂದೆ ಆರೋಪಗಳು ಒಂದೊಂದಾಗಿ ಕುಸಿದವು. ಟ್ಯೂಬಿಂಗನ್ನಿನ ನ್ಯಾಯಶಾಸ್ತ್ರಜ್ಞನೂ ಅವನ ಗೆಳೆಯನೂ ಆದ ಬೆಜೋಲ್ಡನ ಸಲಹೆ ಅವನಿಗೆ ದೊರೆಯಿತು. 1621ರ ಆಗಸ್ಟಿನಲ್ಲಿ ಸಲ್ಲಿಸಿದ ಅಂತಿಮ ವಾದಪತ್ರವು 128 ಪುಟಗಳಷ್ಟಿತ್ತು.

ಕಡತವೆಲ್ಲ ಟ್ಯೂಬಿಂಗನ್ ವಿಶ್ವವಿದ್ಯಾಲಯದ ನ್ಯಾಯಪಂಡಿತರ ಮುಂದೆ ಹೋಯಿತು. ಚಿತ್ರಹಿಂಸೆಗೆ ಒಳಪಡಿಸುವಷ್ಟು ಆಧಾರವಿಲ್ಲವೆಂದು ಅವರು ಕಂಡರು. ಆದರೆ ಒಮ್ಮೆಲೇ ಬಿಡುಗಡೆ ಮಾಡಲೂ ಒಪ್ಪಲಿಲ್ಲ. ಆಕೆಗೆ ಹಿಂಸೆಯ ಉಪಕರಣಗಳನ್ನು ತೋರಿಸಿ ಬೆದರಿಸಬೇಕು, ಆದರೆ ಮುಟ್ಟಬಾರದು ಎಂದು ತೀರ್ಮಾನಿಸಿದರು. 1621ರ ಸೆಪ್ಟೆಂಬರ್ 28ರಂದು ಕ್ಯಾಥರಿನಾಳನ್ನು ಆ ಕೋಣೆಗೆ ಕರೆದೊಯ್ದರು. ಅಲ್ಲಿ ಮಗನಿರಲಿಲ್ಲ, ವಕೀಲನಿರಲಿಲ್ಲ. ಹಿಂಸೆ ಕೊಡುವವನು ಒಂದೊಂದು ಉಪಕರಣವನ್ನೂ ತೋರಿಸಿ, ಸತ್ಯವನ್ನು ಒಪ್ಪಿಕೊಳ್ಳೆಂದು ಗದರಿಸಿದನು. ಒಂದು ವರ್ಷದ ಸೆರೆವಾಸದಿಂದ ಸೊರಗಿದ್ದ ಆ ವೃದ್ಧೆ ಧೃತಿಗೆಡಲಿಲ್ಲ. ತನ್ನ ದೇಹದ ನರ ನರಗಳನ್ನು ಎಳೆದು ತೆಗೆದರೂ ಒಪ್ಪಿಕೊಳ್ಳಲು ತನ್ನಲ್ಲಿ ಏನೂ ಇಲ್ಲವೆಂದು ಹೇಳಿ, ಮೊಣಕಾಲೂರಿ ದೇವರನ್ನು ಪ್ರಾರ್ಥಿಸಿದಳು. ಸತ್ಯವನ್ನು ದೇವರೇ ಬೆಳಕಿಗೆ ತರುವನೆಂದು ನುಡಿದಳು. ಅಧಿಕಾರಿಗಳು ಆಕೆಯನ್ನು ಮರಳಿ ಸೆರೆಗೆ ಕಳುಹಿಸಿದರು. ಕೆಲವೇ ದಿನಗಳಲ್ಲಿ ಆಕೆ ಆರೋಪದಿಂದ ಮುಕ್ತಳೆಂದು ಬಿಡುಗಡೆಯ ಆಜ್ಞೆ ಬಂದಿತು. ಮಗನ ತರ್ಕ ಆಕೆಯನ್ನು ಹಿಂಸೆಯಿಂದ ಪಾರುಮಾಡಿತು. ಆಕೆಯ ಸ್ವಂತ ಧೈರ್ಯ ಆ ತರ್ಕವನ್ನು ಸಾರ್ಥಕಪಡಿಸಿತು.

ಹದಿನಾಲ್ಕು ತಿಂಗಳ ಸೆರೆವಾಸ ಕೊನೆಗೊಂಡಿತು. ಆದರೆ ಆಕೆ ತನ್ನ ಮನೆಗೆ ಹಿಂದಿರುಗುವಂತಿರಲಿಲ್ಲ. ಊರಿಗೆ ಬಂದರೆ ಕೊಲ್ಲುವೆವೆಂದು ಕೆಲವರು ಬೆದರಿಸುತ್ತಿದ್ದರು. ನ್ಯಾಯಾಲಯ ನಿರಪರಾಧಿಯೆಂದು ಬಿಟ್ಟವಳನ್ನು ಊರಿನ ಜನರ ಭಯವು ಬಿಡಲಿಲ್ಲ. ಬಿಡುಗಡೆಯಾದ ಆರು ತಿಂಗಳಿಗೆ, 1622ರ ಏಪ್ರಿಲ್ 13ರಂದು, ಕ್ಯಾಥರಿನಾ ಮರಣಹೊಂದಿದಳು.

ಕೆಪ್ಲರನ ಮನಸ್ಸನ್ನು ಮತ್ತೊಂದು ವ್ಯಥೆ ಕೊರೆಯುತ್ತಿತ್ತು. 1609ರ ಸುಮಾರಿಗೆ ಅವನು ಚಂದ್ರಲೋಕದ ಪ್ರಯಾಣವನ್ನು ಕುರಿತು ಕನಸಿನ ರೂಪದ ಕಥೆಯೊಂದನ್ನು ಬರೆದಿದ್ದನು. ಚಂದ್ರನ ಮೇಲೆ ನಿಂತವನಿಗೆ ಆಕಾಶ ಹೇಗೆ ಕಾಣುವುದೆಂದು ತಿಳಿಸಿ, ಭೂಮಿಯ ಚಲನೆಯನ್ನು ಓದುಗರಿಗೆ ಮನಗಾಣಿಸುವುದು ಅದರ ಉದ್ದೇಶವಾಗಿತ್ತು. ಆ ಕಥೆಯ ನಾಯಕನ ತಾಯಿ ಗಿಡಮೂಲಿಕೆಗಳನ್ನು ಮಾರುವವಳು, ಭೂತಗಳನ್ನು ಕರೆಯಬಲ್ಲವಳು. ಹಸ್ತಪ್ರತಿಯೊಂದು ಕೈಯಿಂದ ಕೈಗೆ ದಾಟಿ, ಅದನ್ನು ಅರಿಯದವರ ಬಾಯಿಗೆ ಬಿದ್ದು, ತಾಯಿಯ ಮೇಲಿನ ಗಾಳಿಮಾತಿಗೆ ತಾನೇ ಎಡೆಮಾಡಿಕೊಟ್ಟೆನೇನೋ ಎಂದು ಅವನು ನೊಂದುಕೊಂಡನು. ವಿಚಾರಣೆ ಮುಗಿದ ಮೇಲೆ ಆ ಪುಟ್ಟ ಕಥೆಗೆ 223 ಟಿಪ್ಪಣಿಗಳನ್ನು ಬರೆದು, ಪ್ರತಿಯೊಂದು ಕಲ್ಪನೆಯ ಹಿಂದಿರುವ ಅರ್ಥವನ್ನು ವಿವರಿಸಿದನು. ಆ ಕೃತಿ ಅವನ ಮರಣಾನಂತರ, 1634ರಲ್ಲಿ, ಪ್ರಕಟವಾಯಿತು.

ಮುಂದೆಯೂ ಕೆಪ್ಲರನಿಗೆ ನೆಮ್ಮದಿ ದೊರೆಯಲಿಲ್ಲ. ಯುದ್ಧವು ಅವನನ್ನು ಊರಿಂದೂರಿಗೆ ಅಲೆಸಿತು. 1627ರಲ್ಲಿ, ಟೈಕೊನ ಅಳತೆಗಳನ್ನು ಆಧರಿಸಿದ ಗ್ರಹಕೋಷ್ಟಕಗಳನ್ನು ಅವನು ಪ್ರಕಟಿಸಿದನು. ಅದಕ್ಕೆ ಹಿಂದಿದ್ದ ಕೋಷ್ಟಕಗಳಿಗಿಂತ ಅವು ಬಹಳ ನಿಖರವಾಗಿದ್ದವು. ತನಗೆ ಬರಬೇಕಾಗಿದ್ದ ಸಂಬಳದ ಬಾಕಿಯನ್ನು ಕೇಳಲು ಕುದುರೆಯೇರಿ ಹೊರಟವನು ರೇಗನ್ಸ್‌ಬರ್ಗಿನಲ್ಲಿ ಜ್ವರಪೀಡಿತನಾಗಿ, 1630ರ ನವೆಂಬರ್ 15ರಂದು, ತನ್ನ 58ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನನ್ನು ಹೂಳಿದ ಸ್ಮಶಾನವೂ ಯುದ್ಧದಲ್ಲಿ ನಾಶವಾಯಿತು.

ಸಮಾಧಿ ಉಳಿಯದಿದ್ದರೂ ಹೆಸರು ಉಳಿಯಿತು. ಅವನ ನಿಯಮಗಳು ನ್ಯೂಟನ್ನನ ಗುರುತ್ವಾಕರ್ಷಣ ಸಿದ್ಧಾಂತಕ್ಕೆ ಆಧಾರವಾದವು. 2009ರಲ್ಲಿ ಹಾರಿಸಲ್ಪಟ್ಟು 2018ರವರೆಗೆ ಕೆಲಸ ಮಾಡಿದ, ಅವನ ಹೆಸರನ್ನು ಹೊತ್ತ ಬಾಹ್ಯಾಕಾಶ ದೂರದರ್ಶಕವು ದೂರದ ನಕ್ಷತ್ರಗಳನ್ನು ಸುತ್ತುವ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆಹಚ್ಚಿತು. ಮಾಟಗಾತಿಯರ ವಿಚಾರಣೆಗಳು ಮಾತ್ರ ಅವನ ಕಾಲದ ನಂತರವೂ ಬಹುಕಾಲ ನಡೆದವು. ಸ್ವಿಟ್ಜರ್ಲೆಂಡಿನಲ್ಲಿ ಆನಾ ಗೋಲ್ಡಿ ಎಂಬ ಮನೆಗೆಲಸದ ಹೆಂಗಸಿಗೆ 1782ರಲ್ಲಿ ಮರಣದಂಡನೆಯಾಯಿತು. ಕೆಪ್ಲರನು ಒಂದು ಪ್ರಾಣವನ್ನು ಉಳಿಸಿದನು. ಮಗನ ನೆರವಿಲ್ಲದ ಸಾವಿರಾರು ತಾಯಂದಿರು ಉಳಿಯಲಿಲ್ಲ.

ಮೂಢನಂಬಿಕೆಯು ಅಜ್ಞಾನದಿಂದ ಹುಟ್ಟಿ, ಭಯದಿಂದ ಬೆಳೆದು, ದ್ವೇಷದ ಕೈಯಲ್ಲಿ ಆಯುಧವಾಗುತ್ತದೆ. ಅದನ್ನು ಎದುರಿಸಲು ಪಾಂಡಿತ್ಯವೊಂದೇ ಸಾಲದು, ಐನ್‌ಹಾರ್ನನಿಗೂ ವಿದ್ಯೆಯಿತ್ತು. ಕೇಳಿದ ಮಾತನ್ನು ಪರೀಕ್ಷಿಸುವ ತಾಳ್ಮೆ ಬೇಕು, ಪರೀಕ್ಷೆಯಿಂದ ತಿಳಿದುದನ್ನು ಹತ್ತು ಮಂದಿಯ ಎದುರಿನಲ್ಲಿ ಹೇಳುವ ಧೈರ್ಯ ಬೇಕು, ಕಷ್ಟದಲ್ಲಿರುವವರ ಪಕ್ಕದಲ್ಲಿ ನಿಲ್ಲುವ ಪ್ರೀತಿ ಬೇಕು. ಆರು ವರ್ಷದ ಮಗನಿಗೆ ಧೂಮಕೇತುವನ್ನು ತೋರಿಸಿದ ಸಂಜೆ ಆ ತಾಯಿಗೆ ಇದಾವುದೂ ತಿಳಿದಿರಲಿಲ್ಲ. ಆದರೆ ಭಯಪಡದೆ ನೋಡು ಎಂಬ ಪಾಠವನ್ನು ಅಂದು ಅವನಿಗೆ ಕಲಿಸಿದವಳು ಆಕೆಯೇ. ನಲವತ್ತು ವರ್ಷಗಳ ಬಳಿಕ ಮಗನು ಆ ಪಾಠವನ್ನು ತಾಯಿಗೆ ಒಪ್ಪಿಸಿದನು.